ವಜ್ರಗಳ ನಡುವಿನ ಉಪ್ಪು

“ಹಾಗಾದ್ರೆ ಇವತ್ತಿಂದ ನಿನ್ನನ್ನ ವಜ್ರಮುಷ್ಟಿ ಅಂತ ಕರೆಯೋ ಹಾಗಿಲ್ಲ ಅನ್ನು,” ಎಂದ ಲೇಸರ್ ಅಣ್ಣ, ಪರದೆಯ ಮೇಲಿನ ಗೆರೆಯಿಂದ ಕಣ್ಣು ಕೀಳದೆ.

ಆ ಹೆಸರಿಟ್ಟವನೂ ಅವನೇ. ಲೇಸರ್ ಬಿಟ್ಟರೆ ಬೇರೆ ಲೋಕವಿಲ್ಲವೆಂದು ಲ್ಯಾಬಿನವರು ಅವನಿಗೆ ಲೇಸರ್ ಅಣ್ಣ ಎಂಬ ಹೆಸರು ಕಟ್ಟಿದ್ದರು. ಅವನು ಎಲ್ಲರಿಗೂ ಒಂದೊಂದು ಅಡ್ಡಹೆಸರು ಹಚ್ಚಿ ಸೇಡು ತೀರಿಸಿಕೊಂಡಿದ್ದ. ಅವಳು ವಜ್ರಮುಷ್ಟಿಯಾದದ್ದು ಹೋದ ವರ್ಷ, ತಿರುಪು ಬಿಗಿಯುವ ಉತ್ಸಾಹದಲ್ಲಿ ಒಂದು ವಜ್ರವನ್ನೇ ಚೂರು ಮಾಡಿದಾಗ. ಊರ ಹೆಂಗಸರು ವಜ್ರ ತೊಡುತ್ತಾರೆ, ನಮ್ಮ ಸೊಸೆ ಪುಡಿ ಮಾಡುತ್ತಾಳೆ ಎಂದು ಅತ್ತೆ ಮನೆಗೆ ಬಂದವರಿಗೆಲ್ಲ ಹೇಳಿ ನಕ್ಕಿದ್ದೂ ಆಗಲೇ.

ಕೆಲಸವೇ ಹಾಗಿತ್ತು. ಬೇಳೆಕಾಳಿಗಿಂತ ಚಿಕ್ಕ ಎರಡು ವಜ್ರಗಳನ್ನು ಮೊನೆಗೆ ಮೊನೆ ಕೊಟ್ಟು ನಿಲ್ಲಿಸಿ, ನಡುವೆ ಕಣ್ಣಿಗೂ ಕಾಣದಷ್ಟು ಕಲ್ಲಿನ ಚೂರೊಂದನ್ನು ಇಟ್ಟು, ತಿರುಪು ಬಿಗಿಯುತ್ತ ಹೋಗಬೇಕು. ಭೂಮಿಯ ಹೊಟ್ಟೆಯೊಳಗಿನ ಒತ್ತಡವೆಲ್ಲ ಆ ಚೂರಿನ ಮೇಲೆ ಬೀಳುತ್ತದೆ. ಆಗ ಲೇಸರ್ ಬಿಟ್ಟು ಅದನ್ನು ಚುರುಕ್ಕೆಂದು ಬಿಸಿ ಮಾಡಿ, ಆ ಬಿಸಿ ಎಷ್ಟು ಬೇಗ ಹರಿದುಹೋಗುತ್ತದೆಂದು ನೋಡಿದರೆ ಕಲ್ಲಿನ ಉಷ್ಣವಾಹಕತೆ ಸಿಕ್ಕಿತು. ಒಂದೇ ತೊಂದರೆ, ವಜ್ರ ಬಿಸಿಯ ಮಹಾ ಕಳ್ಳ. ಕಲ್ಲು ಅದಕ್ಕೆ ತಗುಲಿದರೆ ಇದ್ದಬದ್ದ ಬಿಸಿಯನ್ನೆಲ್ಲ ಕ್ಷಣದಲ್ಲಿ ಎಳೆದುಕೊಂಡುಬಿಡುತ್ತದೆ. ಅದಕ್ಕೇ ಕಲ್ಲಿನ ಕೆಳಗೊಂದು, ಮೇಲೊಂದು ಉಪ್ಪಿನ ಹಾಸು.

ಒತ್ತಡದ ಜೊತೆ ಮೆಲ್ಲಗೆ ಏರುತ್ತಿದ್ದ ವಾಹಕತೆಯ ಗೆರೆ ಆ ಬೆಳಿಗ್ಗೆ ಕೊನೆಯ ತಿರುವಿಗೆ ಏಕಾಏಕಿ ನೆಗೆದಿತ್ತು. ಅದನ್ನು ನೋಡಿದ ಲ್ಯಾಬಿನ ಯಜಮಾನರಾದ ಮೇಷ್ಟ್ರು ಕನ್ನಡಕ ಒರೆಸಿ ಮತ್ತೆ ನೋಡಿದರು. ದೊಡ್ಡ ವಜ್ರಗಳ ಹೊಸ ಯಂತ್ರ ಬರುತ್ತಿದೆ, ಅದರ ಹೊಣೆಯನ್ನು ಇಂಥ ಕೈಗೆ ಕೊಡದೆ ಇನ್ಯಾರಿಗೆ ಕೊಡಲಿ ಎಂದು ಹೇಳಿ, ಪಕ್ಕದ ಲ್ಯಾಬಿನವರ ಹೊಟ್ಟೆ ಉರಿಸಲು ಹೊರಟೇಹೋದರು. ಆ ಯಂತ್ರಕ್ಕಾಗಿ ಅವಳು ವರ್ಷದಿಂದ ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದಳೆಂಬುದು ಲ್ಯಾಬಿನ ಗೋಡೆಗಳಿಗೂ ಗೊತ್ತಿತ್ತು.

ಆದರೆ ಅವಳ ಮುಖದಲ್ಲಿ ಕಳೆಯಿರಲಿಲ್ಲ.

“ಅಣ್ಣಾ, ಒಂದು ಕಲ್ಲು ಬಿಸೀನ ಇಷ್ಟು ಜೋರಾಗಿ ಓಡಿಸುತ್ತಾ?”

“ಓಡಿಸ್ಲಿ ಬಿಡು. ನಿಮ್ಮಪ್ಪನ ಮನೆ ಗಂಟೇನು ಹೋಗುತ್ತೆ?”

ತಿರುಪು ಸಡಿಲಿಸಿ ನೋಡೋಣ ಎಂದಳು. ನಿಜವಾದ ಫಲಿತಾಂಶವಾದರೆ ಗೆರೆ ಹತ್ತಿದ ದಾರಿಯಲ್ಲೇ ಇಳಿಯಬೇಕು. ಲೇಸರ್ ಅಣ್ಣ ತಲೆ ಕೆರೆದುಕೊಂಡ. ವಜ್ರ ಬಿಗಿಯುವಾಗ ತಾಳಿಕೊಂಡರೂ ಬಿಡುವಾಗ ಬಿರುಕು ಬಿಡುವುದೇ ಹೆಚ್ಚು, ಇನ್ನೊಂದು ಒಡೆದರೆ ಹೊಸ ಯಂತ್ರವಿರಲಿ, ಅದರ ಧೂಳು ಒರೆಸಲೂ ನಿನ್ನನ್ನು ಬಿಡುವುದಿಲ್ಲ ಎಂದ. ಮೊದಲು ಹೊಣೆ ಕೈಗೆ ಬರಲಿ, ಆಮೇಲೆ ಬೇಕಾದರೆ ಸತ್ಯಹರಿಶ್ಚಂದ್ರನ ವಂಶ ಬೆಳಗು ಎಂದೂ ಸೇರಿಸಿದ. ಅವಳು ತಿರುಪು ತಿರುಗಿಸುವ ಕೀಲಿಗಳನ್ನು ತೆಗೆದುಕೊಂಡಳು.

ಒಂದರ ಸುತ್ತು ಇನ್ನೊಂದಕ್ಕೆ ಉಲ್ಟಾ ಇರುವ ಎದುರುಬದುರಿನ ತಿರುಪುಗಳಿಗೆ ಎರಡು ಕೈಯಲ್ಲಿ ಎರಡು ಕೀಲಿ ಹಾಕಿ, ಒಂದನ್ನು ಬಲಕ್ಕೆ, ಇನ್ನೊಂದನ್ನು ಎಡಕ್ಕೆ, ಒಟ್ಟಿಗೇ ತಿರುಗಿಸಬೇಕು. ಆ ಹೊತ್ತಿನಲ್ಲಿ ಯಾರೂ ಮಾತಾಡುವಂತಿಲ್ಲ. ಲೇಸರ್ ಅಣ್ಣನಿಗೆ ಅದು ಉಪವಾಸಕ್ಕಿಂತ ಕಷ್ಟ. ಅವಳು ಕೂದಲೆಳೆಯಷ್ಟು ತಿರುಗಿಸಿದಳು, ಅವನು ಲೇಸರ್ ಬಿಟ್ಟ; ಮತ್ತೆ ತಿರುಗಿಸಿದಳು. ಎಲ್ಲೋ ಟಿಕ್ ಎಂದಿತು. ಇಬ್ಬರೂ ಉಸಿರು ಹಿಡಿದರು. ಅವನ ಕುರ್ಚಿಯ ಕಾಲು.

ವಜ್ರ ಒಡೆಯಲಿಲ್ಲ. ಆದರೆ ಗೆರೆ ಇಳಿಯಲೂ ಇಲ್ಲ. ಒತ್ತಡ ಪೂರ್ತಿ ಬಿಟ್ಟರೂ ಅಟ್ಟ ಹತ್ತಿದ ಬೆಕ್ಕಿನ ಹಾಗೆ ಮೇಲೆಯೇ ಕೂತಿತ್ತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಉಪ್ಪು ಮೆತ್ತಗಾಗಿ ಬದಿಗೆ ಸರಿದು, ಕಲ್ಲು ವಜ್ರಕ್ಕೇ ಅಂಟಿಕೊಂಡಿತ್ತು. ಬೆಳಗಿನಿಂದ ಅವರು ಸಂಭ್ರಮಪಟ್ಟಿದ್ದು ವಜ್ರದ ವಾಹಕತೆಗೆ.

ಒಣಗಿಸಿದ ಉಪ್ಪು ಮೆತ್ತಗಾದದ್ದು ಹೇಗೆ? ಅವಳು ಎದ್ದು ಉಪ್ಪು ಒಣಗಿಸುವ ಓವನ್ನಿನ ಬಾಗಿಲು ತೆರೆದಳು. ಇಲ್ಲಿ ಊಟ ಬಿಸಿ ಮಾಡಬಾರದು ಎಂದು ಮೇಷ್ಟ್ರು ಕೈಯಾರೆ ಬರೆದು ಅಂಟಿಸಿದ್ದ ಬಾಗಿಲು ಅದು. ಒಳಗೆ, ಉಪ್ಪಿನ ಬಟ್ಟಲ ಮಗ್ಗುಲಲ್ಲೇ, ಒಂದು ಊಟದ ಡಬ್ಬಿ ಹಬೆಯಾಡುತ್ತಿತ್ತು; ಇದು ದಿನಾ ನಡೆಯುವ ಕೆಲಸವೆಂದು ಸುತ್ತ ಒಣಗಿದ ಸಾರಿನ ಕಲೆಗಳೇ ಹೇಳುತ್ತಿದ್ದವು.

ಅವಳು ತಿರುಗಿ ನೋಡುವಷ್ಟರಲ್ಲಿ ಲೇಸರ್ ಅಣ್ಣ ತನ್ನದಲ್ಲವೆಂದು ಎದೆ ಮುಟ್ಟಿಕೊಂಡಿದ್ದ. ನಿಜಕ್ಕೂ ಅವನದಲ್ಲ. ನೀಲಿ ಚೌಕಳಿ ಬಟ್ಟೆಯಲ್ಲಿ ಡಬ್ಬಿಗೆ ಹೀಗೆ ಬಿಗಿಯಾಗಿ ಗಂಟು ಹಾಕುವವರು ಮೇಷ್ಟ್ರ ಹೆಂಡತಿ ಒಬ್ಬರೇ.

ಡಬ್ಬಿಯನ್ನು ಮೇಜಿನ ಮೇಲಿಡುವುದಕ್ಕೂ ಮೇಷ್ಟ್ರು ನಗುನಗುತ್ತ ಬರುವುದಕ್ಕೂ ಸರಿಹೋಯಿತು. ಪಕ್ಕದವರ ಮುಖ ಹೇಗೆ ಇಂಗು ತಿಂದ ಹಾಗಾಯಿತೆಂದು ಬಣ್ಣಿಸತೊಡಗಿದವರನ್ನು ಅವಳು ತಡೆದು, ಗೆರೆ ಇಳಿಯದ ಕಥೆಯನ್ನು ಇದ್ದ ಹಾಗೇ ಹೇಳಿದಳು. ಡಬ್ಬಿಯ ಮಾತು ಎತ್ತಲಿಲ್ಲ. ಅದು ಅಲ್ಲೇ ಹಬೆ ಬಿಡುತ್ತಿತ್ತು.

“ವಜ್ರ?” ಎಂದರು ಮೇಷ್ಟ್ರು.

“ಎರಡೂ ಕ್ಷೇಮ ಸಾರ್.”

“ಉಪ್ಪು?”

“ಹಬೆ ಕುಡಿದಿತ್ತು ಸಾರ್.”

ಮೇಷ್ಟ್ರು ಡಬ್ಬಿಯನ್ನು ನೋಡಿದರು, ಬಾಗಿಲ ಮೇಲಿನ ತಮ್ಮ ಅಕ್ಷರವನ್ನು ನೋಡಿದರು. ಲೇಸರ್ ಅಣ್ಣ ಚಾವಣಿಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

“ಹೊಸ ಯಂತ್ರದ ಕೋಣೇಲಿ ಓವನ್‌ಗೊಂದು ಬೀಗ ಹಾಕ್ಸು,” ಎಂದರು ಅವಳಿಗೆ. “ಬೀಗದ ಕೈ ನಿನ್ನ ಹತ್ರಾನೇ ಇರ್ಲಿ. ನಾನು ಬಂದು ಕೇಳಿದ್ರೂ ಕೊಡ್ಬೇಡ.”

“ಆಯ್ತು ಸಾರ್.”

ಮೇಷ್ಟ್ರು ಡಬ್ಬಿ ಎತ್ತಿಕೊಂಡು, ಕೊಚ್ಚಿಕೊಂಡಿದ್ದನ್ನು ಹಿಂದಕ್ಕೆ ಪಡೆಯಲು ಬಂದ ದಾರಿಯಲ್ಲೇ ಪಕ್ಕದ ಲ್ಯಾಬಿಗೆ ಹೊರಟರು. ಆಮೇಲೆ ಗೋಡೆಯಾಚೆ ಯಾರೋ ಒಬ್ಬರು ನಕ್ಕರು, ಅದರ ಹಿಂದೆಯೇ ಎಲ್ಲರೂ.