ಎರಡನೇ ಅಮ್ಮನ ಜಾಮೀನು

ಬೂಟುಗಳಿಂದ ಕರಗಿ ಇಳಿದ ಹಿಮದ ನೀರು ಬೆಂಚಿನ ಕೆಳಗೆ ಕಂದುಬಣ್ಣವಾಗಿ ಹರಡುತ್ತಿದೆ, ಯಾರಾದರೂ ಒಂದು ಚಿಂದಿ ತಂದು ಒರೆಸಬಾರದೆ, ಕೋರ್ಟು ಅಂದಮೇಲೆ ಬಾಗಿಲಲ್ಲಿ ಒಂದು ಕಾಲೊರಸು ಹಾಕುವಷ್ಟಾದರೂ ಬುದ್ಧಿ ಬೇಡವೆ — ವರ್ನಾ ಕಾಲುಗಳನ್ನು ಹಿಂದಕ್ಕೆಳೆದುಕೊಂಡಳು, ಮಂಡಿ ಕಟಕ್ಕೆಂದಿತು, ಅರವತ್ತು ದಾಟಿದ ಮೇಲೆ ಮಂಡಿಗೂ ಮಾತು ಬರುತ್ತದೆ. ಇನ್ನೇನು ಕರೆಯುತ್ತಾರೆ ಎಂದು ವಕೀಲ ಲಂಡ್‌ಗ್ರೆನ್ ಹೇಳಿ ಹೋಗಿ ಎಷ್ಟು ಹೊತ್ತಾಯಿತೋ, ಏನೂ ಗಾಬರಿ ಮಾಡ್ಕೋಬೇಡಿ ವರ್ನಾ, ಜಡ್ಜ್ ಒಂದೆರಡು ಪ್ರಶ್ನೆ ಕೇಳ್ತಾರೆ, ಹೂಂ ಅಂದ್ರೆ ಮುಗೀತು, ಊಟದ ಹೊತ್ತಿಗೆ ಮನೇಲಿರ್ತೀರಿ. ಹೂಂ ಅಂದರೆ ಮುಗಿಯಿತು. ಹೂಂ ಅಂದರೆ ಕೀಗನ್ ಡೌಲಿಂಗ್ ಎಂಬ ಹುಡುಗನಿಗೆ ತಾನು ಜಾಮೀನು, ಅವನ ಪಾಸ್‌ಪೋರ್ಟು ಅವನ ಕೈಗೆ, ಅವನು ವಿಮಾನ ಹತ್ತಿ ಮತ್ತೆ ಸ್ಲೊವಾಕಿಯಾಕ್ಕೆ, ಅಲ್ಲಿನ ಐಸ್-ಹಾಕಿ ಆಟದ ತಂಡ ಬಾಗಿಲು ತೆರೆದುಕೊಂಡು ಕೂತಿದೆ, ಮಾರ್ಚಿನ ದೊಡ್ಡ ಪಂದ್ಯಗಳಿಗೆ ಅವರಿಗೆ ಗೋಲು ಹೊಡೆಯುವವನು ಬೇಕು, ಅವನ ಮೇಲೆ ಅತ್ಯಾಚಾರದ ಮೊಕದ್ದಮೆ ಇದ್ದರೇನು ಬಿಟ್ಟರೇನು. ಹೂಂ ಅನ್ನದಿದ್ದರೆ ವಿಚಾರಣೆ ಮುಗಿಯುವವರೆಗೂ ಅವನು ಇಲ್ಲೇ, ಈ ಚಳಿಗಾಲ ಹೋಯಿತು, ಬರುವ ಚಳಿಗಾಲವೂ ಹೋಯಿತು, ಇಪ್ಪತ್ಮೂರರ ಹುಡುಗನ ಆಟ ಹಾಲಿದ್ದ ಹಾಗೆ, ಹೊರಗಿಟ್ಟರೆ ಕೆಡುತ್ತದೆ. ಹಾಗೆ ಅಂದವನು ಮೆಲ್. ಗಂಡ ಅಂದದ್ದನ್ನೆಲ್ಲ ಅವಳು ಈಚೆಗೆ ತನ್ನದೇ ಯೋಚನೆ ಎಂದುಕೊಳ್ಳುತ್ತಾಳೆ, ಇಷ್ಟು ವರ್ಷ ಒಂದೇ ಕೆಟಲಿನ ಚಹಾ ಕುಡಿದರೆ ಇನ್ನೇನಾಗುತ್ತದೆ.

ಗೋಡೆಯೊಳಗೆ ಬಿಸಿನೀರಿನ ಕೊಳವೆ ಟಕ್ ಟಕ್ ಅನ್ನುತ್ತಿದೆ, ಸೆಕೆ, ಜಾಕೆಟ್ ಬಿಚ್ಚಲೇ, ಬೇಡ, ಇದನ್ನೇ ಹಾಕ್ಕೊಂಡು ಬನ್ನಿ ಎಂದಿದ್ದಾನೆ ಲಂಡ್‌ಗ್ರೆನ್, ಊರಿನ ಬ್ಯಾಜರ್ಸ್ ಹಾಕಿ ತಂಡದ ಹಸಿರು ಜಾಕೆಟ್, ತೋಳಿನ ಮೇಲೆ ಕೀಗನ್‌ನ ಹನ್ನೊಂದನೇ ನಂಬರು, ಎದೆಯ ಮೇಲೆ ಮನೆಯಮ್ಮ ಎಂಬ ಹೊಲಿಗೆ. ಜಡ್ಜ್‌ಗೆ ಕಾಣಲಿ ಅಂತ. ಈ ಊರಿನಲ್ಲಿ ಇಂಥ ಜಾಕೆಟ್ ಇಲ್ಲದ ಮನೆ ಯಾವುದು, ಮೂಗಿನೊಳಗಿನ ಕೂದಲೂ ಹೆಪ್ಪುಗಟ್ಟುವ ಚಳಿಗೆ ಇದರಷ್ಟು ಬೆಚ್ಚಗಿನದು ಇನ್ನೊಂದಿಲ್ಲ, ಹಾಲು ತರಲಿಕ್ಕೂ ಇದೇ, ಇಗರ್ಜಿಗೂ ಇದೇ, ಹೆಣದ ಮನೆಗೂ ಇದೇ. ಆಡಲಿಕ್ಕೆಂದು ದೂರದೂರುಗಳಿಂದ ಬರುವ ಹದಿನಾರು ಹದಿನೇಳರ ಹುಡುಗರನ್ನು ಊರವರು ತಮ್ಮ ಮನೆಗಳಲ್ಲಿ ಇಟ್ಟುಕೊಂಡು ಸಾಕಬೇಕು, ಅಪ್ಪನ ಕಾಲದಿಂದಲೂ ಹಾಗೆ, ತಂಡ ಊರಿನದು ಅಂದಮೇಲೆ ಹುಡುಗರೂ ಊರಿನವರೇ. ಎಷ್ಟು ಹುಡುಗರು ಬಂದರು, ಉಂಡರು, ಹೋದರು, ಕೆಲವರ ಮದುವೆಗೆ ಕರೆ ಬಂತು, ಕೆಲವರ ಮುಖ ಮರೆತೇಹೋಗಿದೆ, ಕೀಗನ್ ಮಾತ್ರ ಮೂರು ಚಳಿಗಾಲ ಇದ್ದ. ಮೊದಲ ದಿನ ಬಾಗಿಲಲ್ಲಿ ಬೂಟು ಬಿಚ್ಚಲೋ ಬೇಡವೋ ಎಂದು ನಿಂತಿದ್ದ, ಕಿವಿ ಎರಡೂ ಕೆಂಪಗೆ, ಪೆರೋಗಿ ಅಂದರೆ ಏನೆಂದು ಗೊತ್ತಿರಲಿಲ್ಲ, ಆಲೂಗಡ್ಡೆ ತುಂಬಿದ ಕಡುಬು ಕಣೋ, ತಿಂದು ನೋಡು ಅಂದರೆ ತಟ್ಟೆ ಬರಿದಾಗುವವರೆಗೆ ತಲೆ ಎತ್ತಲಿಲ್ಲ, ಆಮೇಲೆ ನೀವು ನನ್ನ ಎರಡನೇ ಅಮ್ಮ ಅಂದ, ಹೊಟ್ಟೆ ತುಂಬಿದ ಹುಡುಗರು ಏನು ಬೇಕಾದರೂ ಅನ್ನುತ್ತಾರೆ, ಆದರೂ ಅವಳು ಅಡುಗೆಮನೆಗೆ ಹೋಗಿ ಮುಖ ತೊಳೆದುಕೊಂಡು ಬಂದಿದ್ದಳು. ಮಕ್ಕಳಾಗದವಳಿಗೆ ಅಷ್ಟು ಸಾಕಾಗುತ್ತದೆ. ಪಂದ್ಯದ ದಿನ ಮಧ್ಯಾಹ್ನ ಅವರು ಮಲಗಬೇಕು, ಅದು ಊರಿಗೇ ಗೊತ್ತಿರುವ ಕಟ್ಟಲೆ, ಆ ಹೊತ್ತಿನಲ್ಲಿ ಆಟದ ಹುಡುಗ ಇರುವ ಮನೆಯ ಗಂಟೆ ಯಾರೂ ಒತ್ತುವುದಿಲ್ಲ, ಫೋನು ಮಾಡುವುದಿಲ್ಲ, ಪಕ್ಕದ ಮನೆಯ ಮುದುಕ ಹಿಮ ತೆಗೆಯುವ ಯಂತ್ರ ನಿಲ್ಲಿಸಿ ಒಳಗೆ ಹೋಗಿಬಿಡುತ್ತಾನೆ, ಅವಳು ಪಾತ್ರೆಯ ಸದ್ದಾಗದಂತೆ ಬಟ್ಟೆ ಹಾಸಿ ತೊಳೆಯುತ್ತಾಳೆ. ಒಬ್ಬ ಹುಡುಗನ ನಿದ್ದೆಗೆ ಬೀದಿಗೆ ಬೀದಿಯೇ ಉಸಿರು ಹಿಡಿದುಕೊಂಡಿರುತ್ತಿತ್ತು. ಅವನು ಎದ್ದು ಮೈಮುರಿಯುತ್ತ ಬಂದು ನಗುತ್ತಿದ್ದ, ಏನಮ್ಮಾ ಮನೇಲಿ ಯಾರೂ ಇಲ್ವಾ ಅಂದುಕೊಂಡೆ.

ಹೋದ ಬೇಸಿಗೆ ತಂಡದ ಹಳೆಯ ಹುಡುಗರೆಲ್ಲ ಗಾಲ್ಫ್ ಆಡಲಿಕ್ಕೆ ಊರಿಗೆ ಬಂದಿದ್ದ ವಾರವೇ ಅದು ಆಗಿದ್ದು, ಆಯಿತು ಅಂತ ಆ ಹುಡುಗಿ ಅನ್ನುತ್ತಾಳೆ, ಇಲ್ಲ ಅಂತ ಕೀಗನ್ ಅನ್ನುತ್ತಾನೆ, ಹೋಟೆಲಿನ ಕೋಣೆಯ ಬಾಗಿಲು ಮುಚ್ಚಿತ್ತು, ಉಳಿದದ್ದು ದೇವರಿಗೆ ಗೊತ್ತು. ಅವಳು. ಅವಳ ಹೆಸರನ್ನು ಪತ್ರಿಕೆಯವರು ಹಾಕುವಂತಿಲ್ಲ, ಯಾರೂ ಎಲ್ಲೂ ಬರೆಯುವಂತಿಲ್ಲ ಎಂದು ಕೋರ್ಟಿನ ಅಪ್ಪಣೆ, ಅವಳ ಒಳ್ಳೆಯದಕ್ಕೇ, ಆದರೆ ಊರಿನಲ್ಲಿ ಗೊತ್ತಿಲ್ಲದವರು ಯಾರು, ಪುಟ್ಟವಳಿದ್ದಾಗ ಹ್ಯಾಲೊವೀನಿಗೆ ಜೇನುಹುಳದ ವೇಷ ಹಾಕಿಕೊಂಡು ಮಿಠಾಯಿಗೆ ಬಾಗಿಲಿಗೆ ಬರುತ್ತಿದ್ದವಳು, ಹಿಂದಿನ ರೆಕ್ಕೆ ಯಾವಾಗಲೂ ಸೊಟ್ಟ. ಅವನ ಹೆಸರು ಮಾತ್ರ ಊರಿನ ಹಾಕಿ ಅಂಗಣದ ಗೋಡೆಯ ಮೇಲೆ ಇನ್ನೂ ಇದೆ, ಆಳೆತ್ತರದ ಅಕ್ಷರ. ಇಲ್ಲಿನ ಲೀಗುಗಳು ಮೊಕದ್ದಮೆ ಅಂದ ಕೂಡಲೇ ಮುಖ ತಿರುಗಿಸಿದವು, ಸಮುದ್ರದಾಚೆಯವರು ತಿರುಗಿಸಲಿಲ್ಲ. ಅಲ್ಲಿ ಸಂಜೆಯಾದರೆ ಇಲ್ಲಿ ಬೆಳಗಿನ ಚಹಾದ ಹೊತ್ತು, ಮೆಲ್ ಕಂಪ್ಯೂಟರ್ ತೆಗೆದಿಡುತ್ತಿದ್ದ, ಇಬ್ಬರೂ ಕೂತು ನೋಡುತ್ತಿದ್ದರು, ಬಾಯಿಗೆ ಬಾರದ ಹೆಸರಿನ ಊರು, ಡೋಲು ಬಡಿಯುವ ಜನ, ಅವನು ಗೋಲು ಹೊಡೆದರೆ ಅವನ ಹೆಸರನ್ನು ಹಾಡಿನ ಹಾಗೆ ಎಳೆದು ಕೂಗುತ್ತಿದ್ದರು, ಒಂದು ದಿನ ಮಾತ್ರ ಮೇಲಿನ ಸಾಲಿನಲ್ಲಿ ನಾಲ್ಕಾರು ಹೆಂಗಸರು ಅವನು ಮಂಜಿನ ಅಂಗಣಕ್ಕೆ ಇಳಿದ ಕೂಡಲೇ ಎದ್ದು ಬೆನ್ನು ತಿರುಗಿಸಿ ನಿಂತರು, ಕ್ಯಾಮೆರಾ ತಟ್ಟನೆ ಬೇರೆ ಕಡೆ ಹೋಯಿತು. ಅವರಿಗೇನು ಗೊತ್ತು ನಮ್ಮ ಹುಡುಗನ ವಿಷಯ ಅಂದ ಮೆಲ್. ವರ್ನಾ ಬಿಸ್ಕತ್ತಿನ ಡಬ್ಬಿ ಹುಡುಕುವ ನೆಪದಲ್ಲಿ ಎದ್ದಳು. ನಮಗೇನು ಗೊತ್ತು ಅಂತ ಕೇಳಬೇಕೆನಿಸಿತ್ತು, ಕೇಳಿದ್ದರೆ ಮಧ್ಯಾಹ್ನದವರೆಗೂ ಜಗಳ, ಅಷ್ಟು ತ್ರಾಣ ಯಾರಿಗಿದೆ. ಅವನು ಏನು ತಿನ್ನುತ್ತಾನೆ, ಯಾವ ಮಗ್ಗುಲಿಗೆ ಮಲಗುತ್ತಾನೆ, ಜ್ವರ ಬಂದರೆ ಯಾವ ಹಾಡು ಗುನುಗುತ್ತಾನೆ ಎಲ್ಲ ಗೊತ್ತು, ಆ ಕೋಣೆಯಲ್ಲಿ ಏನು ಮಾಡಿದ ಎಂಬುದು ಗೊತ್ತಿಲ್ಲ. ಜನವರಿಯಲ್ಲಿ ಅಂಗಡಿಯ ಮುಂದೆ ಆ ಕಾರು. ಇಲ್ಲ, ಅದು ಬೇಡ, ಈಗ ಬೇಡ.

ಇಷ್ಟು ದಿನ ಜಾಮೀನು ನಿಂತಿದ್ದವನು ಕೀಗನ್‌ನ ಅಪ್ಪ, ಈಗ ಹಿಂದೆ ಸರಿದ, ಹುಡುಗ ವಾಪಸ್ ಬಂದು ಪಾಸ್‌ಪೋರ್ಟನ್ನು ಕೋರ್ಟಿಗೆ ಒಪ್ಪಿಸಬೇಕಾಯಿತು, ಕೋರ್ಟಿಗೆ ಕಾರಣ ಹೇಳಲಿಲ್ಲ, ಅವಳಿಗೆ ಮಾತ್ರ ಫೋನಿನಲ್ಲಿ ಹೇಳಿದ, ಅವನು ಅಲ್ಲಿಂದ ಫೋನ್ ಮಾಡ್ದಾಗೆಲ್ಲ ಎಷ್ಟು ಗೋಲಾಯ್ತು ಅಂತ ಹೇಳ್ತಾನೆ ವರ್ನಾ, ಬೇರೆ ಏನೂ ಹೇಳಲ್ಲ, ನಾನೂ ಕೇಳಲ್ಲ, ಇನ್ನು ನನ್ನ ಕೈಲಿ ಆಗಲ್ಲ. ಹೆತ್ತ ಅಪ್ಪನ ಕೈಲಿ ಆಗದ್ದು ಕಡುಬು ಬೇಯಿಸಿ ಹಾಕಿದವಳ ಕೈಲಿ ಆಗಬೇಕು. ಕೀಗನ್ ಮನೆಗೇ ಬಂದಿದ್ದ, ಬೂಟು ಬಿಚ್ಚಿ ನೀಟಾಗಿ ಗೋಡೆಗೆ ತಾಗಿಸಿಟ್ಟ, ಅದೇ ಕುರ್ಚಿ, ಅದೇ ತಟ್ಟೆ, ಆಡದೆ ಕೂತ್ರೆ ನಾನು ಸತ್ತೇ ಹೋಗ್ತೀನಿ ಎರಡನೇ ಅಮ್ಮಾ, ನಂಗೆ ಬೇರೆ ಏನೂ ಬರಲ್ಲ, ನೀವು ಇಲ್ಲ ಅನ್ನಲ್ಲ ಅಂತ ನಂಗೊತ್ತು. ಗೊತ್ತಿರಲೇಬೇಕು, ಮೂರು ಚಳಿಗಾಲದಲ್ಲಿ ಆ ಮನೆಯಲ್ಲಿ ಅವನಿಗೆ ಇಲ್ಲ ಎಂದವರು ಯಾರು. ಅವನ ಕಣ್ಣಿನ ಕೆಳಗೆ ಕಪ್ಪು, ತೋಳು ಸಣ್ಣಗಾಗಿದೆ, ಅವಳಿಗೆ ಕರುಳು ಚುರುಕ್ ಎಂದಿತು, ಸುಳ್ಳೇಕೆ, ಈಗಲೂ ಅನ್ನುತ್ತದೆ. ಅವನು ಹೋದ ಮೇಲೆ ಮೆಲ್ ಬೆರಳು ಮಡಿಸಿ ವಾದ ಮಾಡಿದ, ನೀನು ಜಾಮೀನು ನಿಲ್ಲೋದು ಅವನು ಒಳ್ಳೆಯವನು ಅಂತಲ್ಲ ಕಣೆ, ಓಡಿಹೋಗಲ್ಲ ಅಂತ ಅಷ್ಟೆ, ಅಪರಾಧಿ ಅಂತ ಯಾರಾದ್ರೂ ತೀರ್ಪು ಕೊಟ್ಟಿದ್ದಾರಾ, ಬಡಗಿ ಮೇಲೆ ಕೇಸ್ ಹಾಕಿದ್ರೆ ಉಳಿ ಕಿತ್ಕೋತಾರಾ. ಇಲ್ಲ, ಬಡಗಿಯ ಉಳಿ ಕಿತ್ತುಕೊಳ್ಳುವುದಿಲ್ಲ, ಬಡಗಿ ಕೆಲಸಕ್ಕೆ ಹೊರಟರೆ ಡೋಲನ್ನೂ ಬಡಿಯುವುದಿಲ್ಲ. ಆಗ ಹೊಳೆಯಲಿಲ್ಲ ಈ ಮಾತು. ಲಂಡ್‌ಗ್ರೆನ್‌ನದು ಇನ್ನೂ ನಯ, ಅವನು ದೂರ ಇದ್ರೆ ಆ ಹುಡುಗಿಗೂ ಒಳ್ಳೇದು ವರ್ನಾ, ಸಮುದ್ರದಾಚೆ ಇರ್ತಾನೆ, ಇವಳು ಊರಲ್ಲಿ ನೆಮ್ಮದಿಯಾಗಿ ಓಡಾಡ್ಕೊಂಡಿರ್ತಾಳೆ, ಒಂದು ರೀತೀಲಿ ನೀವು ಅವಳಿಗೂ ಉಪಕಾರ ಮಾಡ್ತಿದ್ದೀರಿ. ಅದನ್ನೇ ಹಿಡಿದುಕೊಂಡು ಒಪ್ಪಿದ್ದು ವರ್ನಾ, ಇಬ್ಬರಿಗೂ ಒಳ್ಳೆಯದು ಅಂದರೆ ಯಾರಿಗೆ ಬೇಡ, ಆ ರಾತ್ರಿ ಎಷ್ಟೋ ದಿನದ ಮೇಲೆ ಚೆನ್ನಾಗಿ ನಿದ್ದೆ ಬಂದಿತ್ತು.

ಶ್ರೀಮತಿ ಹ್ರಿಟ್ಸಾಕ್, ಒಳಗೆ ಬನ್ನಿ — ಎದ್ದಳು, ಕಾಲು ಕೆಸರುನೀರನ್ನೇ ತುಳಿಯಿತು, ಕಿರುಕೋಣೆ, ಧ್ವಜ, ಪ್ರಮಾಣಕ್ಕೆ ಕೈಯಿಟ್ಟ ಬೈಬಲ್ಲು ತಣ್ಣಗಿದೆ, ಕೀಗನ್ ಬೂದು ಸೂಟಿನಲ್ಲಿ, ಸೂಟು ಭುಜಕ್ಕೆ ದೊಡ್ಡದು, ಅವಳನ್ನು ಕಂಡು ಸ್ವಲ್ಪ ನಕ್ಕ, ಅದೇ ಕೆಂಪು ಕಿವಿ. ಜಡ್ಜ್ ತನ್ನಷ್ಟೇ ವಯಸ್ಸಿನ ಹೆಂಗಸು, ಅವಳಿಗೂ ಮಂಡಿ ನೋಯುತ್ತದೇನೋ. ಲಂಡ್‌ಗ್ರೆನ್ ಎದ್ದು ಹೇಳುತ್ತಿದ್ದಾನೆ, ಈ ತಾಯಿ, ಈ ಊರು, ಆ ಪುಟ್ಟ ಮನೆ, ಮತ್ತೆ ಅದೇ ನಯವಾದ ಮಾತು, ಈ ಚಳಿಗಾಲವಿಡೀ ಇವರು ವಿದೇಶದಲ್ಲೇ ಇದ್ದರು, ದೂರು ಕೊಟ್ಟವರಿಗೆ ಇದರಿಂದ ನೆಮ್ಮದಿಯೇ ಹೊರತು ತೊಂದರೆ ಆಗಿಲ್ಲ. ಚಳಿಗಾಲವಿಡೀ. ಹೌದಲ್ಲ, ಜನವರಿಯಲ್ಲಿ ಇವನು ಇಲ್ಲಿರಲಿಲ್ಲ, ಅಲ್ಲಿದ್ದ, ಡೋಲಿನ ನಡುವೆ. ಅಂಗಡಿಯ ಮುಂದೆ ಕಾರು ನಿಂತಿತ್ತು, ಎಂಜಿನ್ ಓಡುತ್ತಿತ್ತು, ಅಂಥ ಚಳಿಯಲ್ಲಿ ಯಾರೂ ಆರಿಸುವುದಿಲ್ಲ, ಗಾಜೆಲ್ಲ ಬೆಳ್ಳಗೆ ಹಿಮಗಟ್ಟಿ ಒಳಗಿನಿಂದ ಅಂಗೈಯಗಲ ಮಾತ್ರ ಉಜ್ಜಿ ಬಯಲು ಮಾಡಿದ್ದರು, ಅದರ ಹಿಂದೆ ಎರಡು ಕಣ್ಣು, ಆ ಹುಡುಗಿಯವು. ತಾನು ಹಾಲು ಹಿಟ್ಟು ಹೊತ್ತು ಬರುತ್ತಿದ್ದವಳು ಗುರುತು ಹಿಡಿದು ಕೈ ಬೀಸಿದಳು, ಇದೇ ಜಾಕೆಟ್ಟಿನಲ್ಲಿ ಕೈ ಬೀಸಿದ್ದಳಲ್ಲ ತಾನು ಪುಣ್ಯಾತ್ಗಿತ್ತಿ, ಗಾಜಿನ ಹಿಂದಿನ ಕಣ್ಣು ಕೆಳಗೆ ಹೋದವು. ಮುಂದಿನ ವಾರ ಅಂಗಡಿಯಲ್ಲಿ ಬಿಲ್ಲು ಹಾಕುವ ಆಗ್ನೆಸ್ ಹೇಳಿದ್ದು, ಆ ಹುಡುಗಿ ನಿಮ್ಮಂಥವರು ಹೋಗ್ಲಿ ಅಂತ ಕಾಯ್ತಾ ಕೂತಿರ್ತಾಳೆ, ಈ ಹಸಿರು ಜಾಕೆಟ್ ಹಾಕ್ಕೊಂಡವರು ಒಳಗೆ ಒಬ್ರಿದ್ರೂ ಇಳಿಯಲ್ಲ, ಒಂದೊಂದ್ಸಲ ಇಳಿಯದೇ ವಾಪಸ್ ಹೋಗ್ಬಿಡ್ತಾಳೆ. ಕೇಳಿಸಿಕೊಂಡು ಚೀಲ ಎತ್ತಿಕೊಂಡು ಮನೆಗೆ ಬಂದು ಹಿಟ್ಟು ಕಲಸಿದ್ದಳು. ಮಾರನೆಯ ದಿನವೂ ಈ ಜಾಕೆಟ್ಟನ್ನೇ ಹಾಕಿಕೊಂಡಿದ್ದಳು, ಬೆಚ್ಚಗಿರುತ್ತದೆ ಎಂದು.

ಶ್ರೀಮತಿ ಹ್ರಿಟ್ಸಾಕ್, ಇವರು ನಿಮ್ಮ ಮಾತಿನ ಮೇಲೆ ದೇಶ ಬಿಟ್ಟು ಹೋಗ್ತಾರೆ, ಆಡ್ತಾರೆ, ಕರೆದಾಗ ಬರ್ತಾರೆ ಅಂತ ನೀವು ಹೊಣೆ ಹೊರ್ತೀರಿ, ಇದಕ್ಕೆ ನಿಮ್ಮ ಒಪ್ಪಿಗೆ ಇದೆಯಾ. ಹೂಂ ಅಂದರೆ ಮುಗಿಯಿತು. ಇವನು ಓಡಿಹೋಗುವವನಲ್ಲ, ಅದು ಖಂಡಿತ, ಯಾಕೆ ಓಡಿಹೋಗಬೇಕು, ಅಲ್ಲಿ ಹಾಡು, ಇಲ್ಲಿ ಗೋಡೆಯ ಮೇಲೆ ಹೆಸರು, ಅವನಿಗೆ ಎಲ್ಲ ಕಡೆಯೂ ಮನೆಯೇ, ತಿರುಗಿ ಹೋಗುತ್ತಿರುವವಳು ಆ ಹುಡುಗಿ, ಹಾಲು ಕೊಳ್ಳದೆ. ಮತ್ತೊಮ್ಮೆ ಕೇಳುತ್ತಿದ್ದಾರೆ. ನನ್ನ ಕೈಲಿ ಆಗಲ್ಲ. ಯಾರ ದನಿ ಇದು, ತನ್ನದೇ. ಲಂಡ್‌ಗ್ರೆನ್ ಅರ್ಧ ಎದ್ದ, ಕೀಗನ್‌ನ ನಗು ಇನ್ನೂ ಮುಖದಲ್ಲೇ ಉಳಿದಿದೆ, ಅದಕ್ಕೆ ಇಳಿಯುವುದು ಹೇಗೆಂದು ಗೊತ್ತಿಲ್ಲ, ಅಯ್ಯೋ ಮಗನೇ, ನಿನ್ನ ತಟ್ಟೆ ಇನ್ನೂ ಎತ್ತಿಟ್ಟಿಲ್ಲ ನಾನು. ಆಗಲ್ಲ ಅಂದ್ರೆ, ಕಾರಣ ಏನಾದ್ರೂ ಹೇಳ್ತೀರಾ ಶ್ರೀಮತಿ ಹ್ರಿಟ್ಸಾಕ್, ಇವರು ಓಡಿಹೋಗ್ತಾರೆ ಅನ್ನೋ ಭಯವಾ. ಅಲ್ಲ. ನಿಮಗೆ ಯಾರಾದ್ರೂ ಏನಾದ್ರೂ ಅಂದ್ರಾ. ಅಲ್ಲ, ಯಾರೂ ಏನೂ ಅನ್ನಲಿಲ್ಲ, ಆ ಹುಡುಗಿ ಕಾರಿನ ಗಾಜು ಕೂಡ ಇಳಿಸಲಿಲ್ಲ. ಮತ್ತೇನು, ಹೇಳಿ. ಏನಂತ ಹೇಳುವುದು, ಜಡ್ಜ್ ಕಾಯುತ್ತಿದ್ದಾರೆ, ಎಲ್ಲರೂ ಕಾಯುತ್ತಿದ್ದಾರೆ, ಕಣ್ಣ ಮುಂದಿರುವುದು ಬೆಳ್ಳಗೆ ಹೆಪ್ಪುಗಟ್ಟಿದ ಗಾಜು, ಅದರಲ್ಲಿ ಉಜ್ಜಿ ಮಾಡಿದ ಅಂಗೈಯಗಲದ ಬಯಲು, ಎರಡು ಕಣ್ಣು, ತಾನು ಅಲ್ಲಿಂದ ಹೋಗಲಿ ಎಂದು ಕಾಯುತ್ತಿರುವ ಎರಡು ಕಣ್ಣು.