ಪಕ್ಕದ ತಾಲ್ಲೂಕಿನ ಮೌಲ್ಯಮಾಪಕ

ಪಾಠ ಮಾಡುವುದೊಂದನ್ನು ಬಿಟ್ಟು ಪಾಠದ ಬಗ್ಗೆ ಜಯಕುಮಾರ್ ಮೇಷ್ಟ್ರಿಗೆ ಗೊತ್ತಿಲ್ಲದ್ದು ಯಾವುದೂ ಇರಲಿಲ್ಲ. ಇದು ಆಗದವರು ಆಡಿದ ಮಾತಲ್ಲ. ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುವಾಗ ಕನ್ನಡಿಯ ಮುಂದೆ ಅವರು ತಮಗೆ ತಾವೇ ಹೇಳಿಕೊಳ್ಳುತ್ತಿದ್ದದ್ದು. ಚನ್ನಪಟ್ಟಣದ ಸರ್ಕಾರಿ ಹೈಸ್ಕೂಲಿನಲ್ಲಿ ಅವರು ವಿಜ್ಞಾನದ ಮೇಷ್ಟ್ರು. ಯಾವುದೋ ತರಬೇತಿಯಲ್ಲಿ ಮಧ್ಯಾಹ್ನದ ಊಟದ ಮೇಲೂ ಯಾರೂ ತೂಕಡಿಸದ ಹಾಗೆ ಭಾಷಣ ಮಾಡಿದ್ದೇ ನೆಪವಾಗಿ ಬೆಂಗಳೂರಿನ ಕಚೇರಿಯೊಂದಕ್ಕೆ ನಿಯೋಜನೆಯ ಮೇಲೆ ಹೋದರು. ಇಡೀ ರಾಜ್ಯದ ಶಿಕ್ಷಕರನ್ನು ಅಳೆಯುವ, ಅಳೆದ ಮೇಲೆ ಬೆಂಬಲ ಕೊಟ್ಟು ಮೇಲೆತ್ತುವ ವ್ಯವಸ್ಥೆಯೊಂದು ಅಲ್ಲಿ ತಯಾರಾಗಬೇಕಿತ್ತು. ಅದಕ್ಕೆ ಗುರುಮಾಪನ ಎಂಬ ಹೆಸರು ಮೊದಲೇ ಸಿದ್ಧವಾಗಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿಯಾಗಿತ್ತು, ಇನ್ನು ಹೆರುವ ಕೆಲಸ ಮಾತ್ರ ಸಮಿತಿಯದು.

ರಾಮನಗರ ಹೊಸ ಜಿಲ್ಲೆಯಾಗಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಬೆಳಗಿನ ರೈಲಿನಲ್ಲಿ ಬಿಡದಿಯವರೆಗೂ ಕಾರ್ಖಾನೆಯ ಹುಡುಗರದೇ ಜಾತ್ರೆ, ಬಿಡದಿಯಲ್ಲಿ ಅವರು ಇಳಿದ ಮೇಲೆಯೇ ಮೇಷ್ಟ್ರಿಗೆ ಸೀಟು. ಒಂದು ದಿನ ಕಂಬಿ ಹಿಡಿದು ನಿಂತಿದ್ದಾಗ ಆ ಹುಡುಗರ ಮಾತು ಕಿವಿಗೆ ಬಿತ್ತು. ತಾನು ಕೂರಿಸಿದ ಭಾಗವನ್ನು ತಾನೇ ಚೆಕ್ ಮಾಡುವ ಹಾಗಿಲ್ಲವಂತೆ, ಬೇರೆ ಲೈನಿನವನು ಬಂದು ಮಾಡಬೇಕಂತೆ. ಜಯಕುಮಾರ್‌ಗೆ ಜ್ಞಾನೋದಯವಾಯಿತು. ಕೆಂಗೇರಿ ದಾಟುವಷ್ಟರಲ್ಲಿ ಗುರುಮಾಪನದ ಮೊದಲ ನಿಯಮ ತಲೆಯಲ್ಲಿ ಮುದ್ರಣವಾಗಿತ್ತು: ಮೇಷ್ಟ್ರನ್ನು ಅಳೆಯುವವರು ಪಕ್ಕದ ತಾಲ್ಲೂಕಿನ ಮೇಷ್ಟ್ರೇ ಆಗಿರಬೇಕು, ಚೀಟಿ ಎತ್ತಿ ಆರಿಸಬೇಕು. ಪರಿಚಯ ಇಲ್ಲದ ಕಡೆ ಮುಲಾಜೂ ಇರುವುದಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಸಭೆಯಲ್ಲಿ ಎಲ್ಲರೂ ತಲೆದೂಗಿದ್ದು ನೋಡಿ ಹುಮ್ಮಸ್ಸು ಬಂದು, ಮೇಜು ಗುದ್ದಿ, ಇನ್ನೊಂದು ನಿಯಮವನ್ನೂ ಬರೆಸಿದರು. ಸಿ ಗ್ರೇಡ್ ಬಂದವರು ಯಾವ ಸಮಿತಿಯಲ್ಲೂ, ಯಾವ ನಿಯೋಜನೆಯಲ್ಲೂ ಇರಕೂಡದು, ಮರುದಿನವೇ ತರಗತಿಗೆ ವಾಪಸಾಗಬೇಕು. ವಾಪಸಾದವರಿಗೆ ಕೊಡುವ ಬೆಂಬಲ ಏನು ಎಂಬ ವಿಷಯಕ್ಕೆ ಬರುವ ಹೊತ್ತಿಗೆ ಪ್ರತಿಸಲವೂ ಟೀ ಬರುತ್ತಿತ್ತು. ಅದು ಮುಂದಿನ ಸಭೆಗೆ ಹೋಗುತ್ತಿತ್ತು.

ಮೊದಲ ಪ್ರಯೋಗ ನಮ್ಮ ಜಿಲ್ಲೆಯಲ್ಲೇ ಆಗಲಿ ಎಂದು ಹಟ ಹಿಡಿದವರೂ ಅವರೇ. ಫಲಿತಾಂಶ ಬಂತು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ತಾಲ್ಲೂಕಿನಲ್ಲಿ ಎ ಬಿಟ್ಟರೆ ಬೇರೆ ಅಕ್ಷರವೇ ಇಲ್ಲ. ನಿರ್ದೇಶಕರು ಸಂತೋಷಪಟ್ಟು ಒಳ್ಳೆಯ ಬಿಸ್ಕತ್ತು ತರಿಸಿದರು. ಜಯಕುಮಾರ್ ಮಾತ್ರ ಹೆಸರುಗಳ ಮೇಲೆ ಕಣ್ಣಾಡಿಸಿ ಬೆವೆತರು.

ಪಕ್ಕದ ತಾಲ್ಲೂಕಿನವರಿಗೆ ಮುಲಾಜು ಇರುವುದಿಲ್ಲ ಎಂದು ಬರೆದ ಈ ಬುದ್ಧಿವಂತ ಹುಟ್ಟಿ ಬೆಳೆದದ್ದು ಎಂಥ ಸೀಮೆಯಲ್ಲಿ? ಮಾಗಡಿಯ ಹೆಣ್ಣನ್ನು ಕನಕಪುರಕ್ಕೆ ಕೊಟ್ಟು, ಕನಕಪುರದ ಹೆಣ್ಣನ್ನು ಚನ್ನಪಟ್ಟಣಕ್ಕೆ ತಂದು, ಚನ್ನಪಟ್ಟಣದ್ದನ್ನು ರಾಮನಗರಕ್ಕೆ ದಾಟಿಸುವ ಸೀಮೆಯಲ್ಲಿ. ಸ್ವಂತ ಊರಿನಲ್ಲಿರುವವರು ದಾಯಾದಿಗಳು, ಅವರನ್ನು ಕಳಿಸಿದ್ದರೆ ಧಾರಾಳವಾಗಿ ಸಿ ಕೊಟ್ಟು ಬರುತ್ತಿದ್ದರು. ಪಕ್ಕದ ತಾಲ್ಲೂಕಿನಲ್ಲಿರುವವರೆಲ್ಲ ಬೀಗರು. ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಗೆ ಅಳೆಯಲು ಹೋದ ಕನಕಪುರದ ಮೇಡಂ ಅಲ್ಲಿ ಚಿಕ್ಕಮ್ಮನ ಮನೆಯಲ್ಲಿ ಮಡಿಲು ತುಂಬಿಸಿಕೊಂಡು ಬಂದರು. ಚನ್ನಪಟ್ಟಣದ ಉರ್ದು ಶಾಲೆಗೆ ಬಂದ ರಾಮನಗರದ ಅಸದುಲ್ಲಾ ಮೇಷ್ಟ್ರಿಗೆ ತರಗತಿಯಲ್ಲಿ ಎದುರಾದದ್ದು ಸ್ವಂತ ಷಡ್ಡಕ. ಉಳಿದ ಕಡೆಯೆಲ್ಲ ಮುದ್ದೆ, ಬಾಡೂಟ, ಎಲೆ ಅಡಿಕೆ, ಆಮೇಲೆ ಎ. ಸ್ವತಃ ಮಾಗಡಿಯ ಅಳಿಯನಾದ ಜಯಕುಮಾರ್‌ಗೆ ಇದು ಹೊಳೆಯದೇ ಹೋದದ್ದು ರೈಲಿನಲ್ಲಿ ನಿಂತುಕೊಂಡು ಯೋಚಿಸಿದ್ದರಿಂದಲೇ ಇರಬೇಕು. ನಿರ್ದೇಶಕರಿಗೆ ಹೇಳಿಬಿಡೋಣವೆಂದರೆ ಬಾಯಿತುಂಬ ಬಿಸ್ಕತ್ತಿತ್ತು. ನುಂಗಿದ ಮೇಲೆ ಹೇಳಬೇಕು ಅನ್ನಿಸಲಿಲ್ಲ.

ನಿರ್ದೇಶಕರು ಉತ್ಸಾಹದಲ್ಲಿ ಇನ್ನೊಂದು ಮಾತು ಸೇರಿಸಿದರು. ಮಂತ್ರಿಗಳ ಮುಂದೆ ಇದನ್ನು ಇಡುವ ಮೊದಲು ವ್ಯವಸ್ಥೆ ಕಟ್ಟಿದವರನ್ನೂ ಇದೇ ಅಳತೆಗೋಲಿನಿಂದ ಅಳೆದುಬಿಡೋಣ, ಮಂತ್ರಿಗಳ ಮುಂದೆ ಮಾತಾಡುವವರು ಜಯಕುಮಾರೇ ಆದ್ದರಿಂದ ಅವರದೇ ಮೊದಲಾಗಲಿ ಎಂದರು. ಚೀಟಿ ಎತ್ತಿದರು. ಕನಕಪುರ ತಾಲ್ಲೂಕು ದೊಡ್ಡಆಲಹಳ್ಳಿಯ ಹೈಸ್ಕೂಲಿನ ಕನ್ನಡ ಮೇಷ್ಟ್ರು ಲಕ್ಷ್ಮಯ್ಯ ಎಂದು ಬಂತು.

ಜಯಕುಮಾರ್‌ಗೆ ಒಳಗೊಳಗೇ ಗಾಬರಿಯೂ ಆಯಿತು, ನಗುವೂ ಬಂತು. ಈ ಲಕ್ಷ್ಮಯ್ಯ ಹಿಂದಿನ ತಿಂಗಳು ತಾನೇ ಮಗ ಅಶ್ವಥನನ್ನು ಕರೆದುಕೊಂಡು ಬಂದು ಜಯಕುಮಾರ್ ಅವರ ಮಗಳು ಭಾನುಪ್ರಿಯಳನ್ನು ನೋಡಿ ಹೋಗಿದ್ದರು. ಹುಡುಗ ಬಿಡದಿಯ ಕಾರ್ಖಾನೆಯಲ್ಲಿ ಟೆಕ್ನಿಷಿಯನ್, ಒಳ್ಳೆಯವನು. ಭಾನುಪ್ರಿಯ ಒಪ್ಪಿದ್ದಳು, ಒಪ್ಪಿದ್ದನ್ನು ಮುಚ್ಚಿಡಲು ಹೋಗಿ ಎರಡು ಲೋಟ ಒಡೆದಿದ್ದಳು. ಲಕ್ಷ್ಮಯ್ಯನವರ ಕಡೆಯಿಂದ ಮಾತ್ರ ಇನ್ನೂ ಮಾತು ಬಂದಿರಲಿಲ್ಲ. ಈ ಕಡೆಯ ಪದ್ಧತಿಯಂತೆ ಮಾತು ಕೂಡುವ ತನಕ ಗಂಡಿನ ಕಡೆಯವರು ಹೆಣ್ಣಿನ ಮನೆಯಲ್ಲಿ ಊಟ ಮಾಡುವುದಿಲ್ಲ. ಅವರೂ ಕಾಫಿ ಕುಡಿದು ಎದ್ದಿದ್ದರು.

ಹೆಂಡತಿ ನಾಗಲಕ್ಷ್ಮಮ್ಮನಿಗೆ ಸಂಗತಿ ತಿಳಿಸಿ, ಬೀಗರಾಗುವವರು ಬೀಗರಿಗೆ ಎ ಕೊಡದೆ ಇನ್ನೇನು ಕೊಟ್ಟಾರು ಎಂದು ಜಯಕುಮಾರ್ ನಕ್ಕರು. ಆಕೆ ನಗಲಿಲ್ಲ.

"ಹೆಣ್ಣು ಒಪ್ಗೆ ಇಲ್ದೆ ಹೋದ್ರೆ? ನಿಮ್ ಪಾಠ ನೋಡ್ಬುಟ್ಟು, ಇಂಥವ್ರ ಮನೆ ಸಂಬಂಧ ಬ್ಯಾಡ ಅಂದ್ಬುಟ್ರೆ ಏನ್ ಮಾಡೀರಿ?"

ಆ ರಾತ್ರಿ ಅವರಿಗೆ ಊಟ ಸೇರಲಿಲ್ಲ. ಒಂದು ತಟ್ಟೆಯಲ್ಲಿ ಮಗಳ ಮದುವೆ, ಇನ್ನೊಂದರಲ್ಲಿ ಬೆಂಗಳೂರಿನ ಕುರ್ಚಿ, ತಕ್ಕಡಿ ಹಿಡಿದವರು ಲಕ್ಷ್ಮಯ್ಯ. ಆ ತಕ್ಕಡಿಯನ್ನು ಮಾಡಿಕೊಟ್ಟವರು ತಾವೇ. ಮಾಡಿದ್ದುಣ್ಣೋ ಮಹರಾಯ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ಅಳೆಯುವ ದಿನ ಜಯಕುಮಾರ್ ಚನ್ನಪಟ್ಟಣದ ತಮ್ಮ ಶಾಲೆಗೇ ಮರಳಿದ್ದರು, ಅಲ್ಲಿಗೆ ಲಕ್ಷ್ಮಯ್ಯ ಬಂದರು. ದಪ್ಪ ಆಳು, ದೊಡ್ಡ ಗಂಟಲು, ಕೈಯಲ್ಲಿ ನಶ್ಯದ ಡಬ್ಬಿ. ಜಯಕುಮಾರ್ ಬಾಗಿಲಲ್ಲೇ ಹಲ್ಲು ಕಿರಿದು, ಮನೆ ಹತ್ತಿರವೇ ಇದೆ, ಮೊದಲು ಊಟ ಮುಗಿಸಿಕೊಂಡು ಬರೋಣ ಎಂದರು. ಮನೆಯಲ್ಲಿ ನಾಗಲಕ್ಷ್ಮಮ್ಮ ಬೆಳಗಿನಿಂದ ಕೋಳಿ ಸಾರಿಗೆ ಮಸಾಲೆ ಅರೆದಿದ್ದರು. ಲಕ್ಷ್ಮಯ್ಯ ಬೇಡ ಎಂದರು, ಮೊದಲು ಪಾಠ ನೋಡುತ್ತೇನೆ, ಊಟದ ಮಾತು ಆಮೇಲೆ ಎಂದರು. ಜಯಕುಮಾರ್‌ಗೆ ಅನುಮಾನ ಹತ್ತಿತು. ಊಟ ಬೇಡ ಎಂದರೆ ಸಂಬಂಧ ಬೇಡ ಎಂದೇ ಅರ್ಥ ತಾನೆ?

ಅದೇ ಅನುಮಾನವನ್ನು ಹೊತ್ತುಕೊಂಡು ಒಂಬತ್ತನೇ ತರಗತಿಗೆ ನಡೆದರು. ಪಾಠ ಘರ್ಷಣೆ. ಅಳತೆಗೋಲಿನಲ್ಲಿ ಯಾವುದಕ್ಕೆ ಎಷ್ಟು ಅಂಕ ಎಂಬುದು ಅವರಿಗೆ ಬಾಯಿಪಾಠವಾಗಿತ್ತು. ಕಲಿಕೆಯ ಉದ್ದೇಶಗಳಿಗೆ ಅಂಕ ಇದೆಯೆಂದು ಉದ್ದೇಶಗಳನ್ನೇ ಬೋರ್ಡಿನ ತುಂಬ ಬರೆದರು. ಉಪಕರಣಕ್ಕೆ ಅಂಕ ಇದೆಯೆಂದು ಮರದ ಹಲಗೆ, ಗೋಲಿ, ಉಪ್ಪುಕಾಗದ ಹರಡಿದರು. ಲವಲವಿಕೆಗೆ ಅಂಕ ಇದೆಯೆಂದು ಅತ್ತಿತ್ತ ಓಡಾಡಿ ನಗುತ್ತಲೇ ಇದ್ದರು. ಗೊಂಬೆ ಕಡೆಯುವವರ ಮನೆಯ ಸುಹಾನಾ ನಡುವೆ ಕೈ ಎತ್ತಿದಳು. ಪ್ರಶ್ನೆಗಳಿಗೆ ಕೊನೆಯ ಐದು ನಿಮಿಷ ಇಟ್ಟಿದ್ದೇನೆ, ಕೂತುಕೋ ಎಂದರು. ಕೊನೆಯ ಐದು ನಿಮಿಷ ಸಾರಾಂಶ ಹೇಳುವುದಕ್ಕೆ ಹೋಯಿತು. ಗಂಟೆ ಹೊಡೆಯಿತು. ಅಷ್ಟೂ ಹೊತ್ತು ಅವರ ಕಣ್ಣು ಹಿಂದಿನ ಬೆಂಚಿನ ಲಕ್ಷ್ಮಯ್ಯನವರ ಮುಖ ಬಿಟ್ಟು ಕದಲಿರಲಿಲ್ಲ. ಆ ಮುಖದ ಹುಬ್ಬು ಏರಿದರೆ ಇವರ ದನಿ ಏರುತ್ತಿತ್ತು, ಆ ಮುಖ ನಶ್ಯ ಏರಿಸಿದರೆ ಇವರ ಮಾತು ತಡವರಿಸುತ್ತಿತ್ತು.

ಸ್ಟಾಫ್ ರೂಮಿನಲ್ಲಿ ಬೇರೆ ಯಾರೂ ಇರಲಿಲ್ಲ. ಲಕ್ಷ್ಮಯ್ಯ ಕನ್ನಡಕ ಏರಿಸಿ, ಪೆನ್ನು ತೆಗೆದು, ನಿಧಾನವಾಗಿ ಒಂದೇ ಒಂದು ಅಕ್ಷರ ಬರೆದರು. ತಲೆಕೆಳಗಾಗಿ ನೋಡಿದರೂ ಅದು ಸಿ ಎಂದೇ ಕಾಣುತ್ತಿತ್ತು.

"ಏನ್ ಮೇಷ್ಟ್ರೇ ಇದು?" ಎಂದರು ಜಯಕುಮಾರ್.

"ನೀವ್ ಇವತ್ತು ಪಾಠ ಮಾಡುದ್ದು ನನ್ಗೆ. ನಾನು ಎಸ್ಸೆಸ್ಸೆಲ್ಸಿ ಪಾಸಾಗಿ ಮೂವತ್ತು ವರ್ಸ ಆಯ್ತು. ಆ ಮಕ್ಳಿಗೆ ಯಾರ್ ಮಾಡುದ್ರು?"

ಜಯಕುಮಾರ್‌ಗೆ ಸಿಟ್ಟು ನೆತ್ತಿಗೇರಿತು. ಊರಿಗೆಲ್ಲ ಎ ಹಂಚಿದ್ದಾರೆ, ನನಗೊಬ್ಬನಿಗೆ ಈ ಸತ್ಯಸಂಧತೆಯೇ, ನಿಮಗೂ ಎ ಬಂದದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ ಎಂದು ರೇಗಿದರು. ಲಕ್ಷ್ಮಯ್ಯ ಅಲ್ಲಗಳೆಯಲಿಲ್ಲ. ತಮ್ಮನ್ನು ಅಳೆಯಲು ಬಂದ ಮಾಗಡಿಯವರು ಬಾಡೂಟ ಉಂಡು, ಬೇವಿನ ಮರದ ಕೆಳಗೆ ಒಂದು ನಿದ್ದೆ ತೆಗೆದು, ತರಗತಿಗೆ ಕಾಲಿಡದೇ ಎ ಬರೆದು ಹೋದರಂತೆ. ತಾವು ಎಂಥ ಮೇಷ್ಟ್ರು ಎಂಬುದು ತಮಗೇ ಗೊತ್ತಿದೆ, ಸಂಧಿ ಹೇಳಿಕೊಡುವಾಗ ಮಕ್ಕಳಿಗಿಂತ ಮೊದಲು ತಮಗೇ ಆಕಳಿಕೆ ಬರುತ್ತದೆ ಎಂದರು. ಆಮೇಲೆ ಕನ್ನಡಕ ತೆಗೆದು ಜೇಬಿಗಿಟ್ಟರು.

"ಹೆಣ್ಣು ಒಪ್ಗೆ ಆಗ್ದೆ ಇದ್ದಿದ್ರೆ ನಾನೂವೆ ಎ ಬರ್ದ್ಬುಟ್ಟು ಮಾತಾಡ್ದಂಗೆ ಬಸ್ ಹತ್ತುತಿದ್ದೆ. ಯಾರ್ದೋ ಮನೆ, ಯಾರ್ದೋ ಪಾಠ, ನನ್ಗೇನಾಗ್ಬೇಕು? ನಾಳಿಂದ ನನ್ ಮಗ ನಿಮ್ಮನೇಲಿ ಉಣ್ಣೋನು. ನಿಮ್ಗೆ ಸುಳ್ಳು ಬರ್ಕೊಟ್ಟು ಆಮ್ಯಾಕೆ ಮಕ ನೋಡ್ಕೊಂಡು ಇರಕ್ಕಾಯ್ತದಾ? ಏಳಿ ಬೀಗ್ರೇ, ಹಸಿವಾಯ್ತಾ ಐತೆ, ಊಟಕ್ ಹೋಗಣ."

ಬೀಗ್ರೇ ಎಂಬ ಮಾತು ಕಿವಿಗೆ ಬಿದ್ದು, ತಲೆಗೆ ಹತ್ತಿ, ಅರ್ಥವಾಗುವಷ್ಟರಲ್ಲಿ ಲಕ್ಷ್ಮಯ್ಯ ಆಗಲೇ ಬಾಗಿಲು ದಾಟಿದ್ದರು. ಜಯಕುಮಾರ್‌ಗೆ ಕಣ್ಣಲ್ಲಿ ನೀರು ಬಂತು. ಸಂತೋಷಕ್ಕೆ ಬಂದದ್ದೋ ಅವಮಾನಕ್ಕೋ ಎಂದು ಕೇಳಿದ್ದರೆ ಅವರಿಗೇ ಗೊತ್ತಿರಲಿಲ್ಲ, ಎರಡೂ ಕೂಡಿಯೇ ಬಂದಿದ್ದವು. ಲಕ್ಷ್ಮಯ್ಯ ಮೂರು ಮುದ್ದೆ ಉಂಡರು. ನಾಗಲಕ್ಷ್ಮಮ್ಮ ಸಾರು ಬಡಿಸುತ್ತಾ ಗಂಡನಿಗೆ ಏನು ಬಂತು ಎಂದು ವಿಚಾರಿಸಿದರು. ತಿಳಿದ ಮೇಲೆ, ಇಷ್ಟು ವರ್ಷ ತಾವು ಬಾಯಿಬಿಟ್ಟು ಹೇಳಲಾರದ್ದನ್ನು ಯಾರೋ ಪುಣ್ಯಾತ್ಮರು ಬರೆದುಕೊಟ್ಟರಲ್ಲ ಎಂದು ಬೀಗರಿಗೆ ಇನ್ನೊಂದು ತುಂಡು ಹಾಕಿದರು.

ಮಾರನೆಯ ದಿನ ಬೆಂಗಳೂರಿನಿಂದ ನಿರ್ದೇಶಕರು ಫೋನ್ ಮಾಡಿದರು. ಏನೋ ಎಡವಟ್ಟಾಗಿದೆ, ಚಿಂತೆ ಬೇಡ, ದೂರದ ಕೊಪ್ಪಳದಿಂದ ಒಬ್ಬರನ್ನು ಕರೆಸಿ ಮತ್ತೊಮ್ಮೆ ನೋಡಿಸೋಣ, ಅವರಿಗೆ ನಿಮ್ಮ ಪರಿಚಯವೂ ಇರುವುದಿಲ್ಲ ಎಂದರು. ಪರಿಚಯ ಇಲ್ಲದವರು ಏನು ಬರೆದು ಹೋಗುತ್ತಾರೆ ಎಂಬುದು ಈಗ ಜಯಕುಮಾರ್‌ಗೆ ಚೆನ್ನಾಗಿ ಗೊತ್ತಿತ್ತು. ಆಗಲಿ ಸಾರ್ ಎನ್ನಲು ನಾಲಿಗೆ ತುದಿಗಾಲಲ್ಲಿ ನಿಂತಿತ್ತು. ಬೆಂಗಳೂರಿನ ಆ ಫ್ಯಾನು, ಆ ಟೀ, ಮಂತ್ರಿಗಳ ಮುಂದಿನ ಮೈಕು, ಎಲ್ಲವೂ ಕಣ್ಣ ಮುಂದೆ ಬಂದು ಹೋದವು. ಸಿ ಬಂದವರು ಸಮಿತಿಯಲ್ಲಿ ಇರುವ ಹಾಗಿಲ್ಲ ಸಾರ್, ನಾನೇ ಬರೆಸಿದ ನಿಯಮ ಎಂದು ಫೋನ್ ಇಟ್ಟರು. ಇದರಲ್ಲಿ ಧೈರ್ಯ ಏನೂ ಇರಲಿಲ್ಲ. ಎ ಹಿಡಿದುಕೊಂಡು ಮದುವೆಯ ಮಂಟಪದಲ್ಲಿ ಲಕ್ಷ್ಮಯ್ಯನವರ ಎದುರು ನಿಲ್ಲುವುದಕ್ಕೆ ನಾಚಿಕೆಯಾಯಿತು, ಅಷ್ಟೇ.

ಸೋಮವಾರ ತರಗತಿಗೆ ಹೋದರೆ ಹಿಂದಿನ ಬೆಂಚಿನಲ್ಲಿ ಲಕ್ಷ್ಮಯ್ಯ ಕೂತಿದ್ದರು. ಒಂದು ಸಿ.ಎಲ್. ಹಾಕಿ, ಬೆಳಗಿನ ಮೊದಲ ಬಸ್ಸು ಹತ್ತಿ ಬಂದಿದ್ದರಂತೆ.

"ಸಿ ಕೊಟ್ಟೋನು ಕೊಟ್ಬುಟ್ಟು ಮನೇಲಿ ಕೂತ್ಕೊಂಡ್ರೆ ಆಯ್ತದಾ? ನೀವ್ ಮಾಡಿ, ನಾನು ಒಸಿ ಹೊತ್ತು ಇಲ್ಲೇ ಇರ್ತೀನಿ," ಎಂದರು.

ಜಯಕುಮಾರ್ ಸೀಮೆಸುಣ್ಣ ಎತ್ತಿಕೊಂಡರು. ಅಭ್ಯಾಸಬಲದಿಂದ ಕಣ್ಣು ಸೀದಾ ಹಿಂದಿನ ಬೆಂಚಿಗೆ ಹೋಯಿತು. ಅದು ಗೊತ್ತಿದ್ದವರ ಹಾಗೆ ಲಕ್ಷ್ಮಯ್ಯ ಎದ್ದು, ತಮ್ಮ ಭಾರಿ ಮೈಯನ್ನು ತಿರುಗಿಸಿ, ಗೋಡೆಯ ಕಡೆ ಮುಖ ಮಾಡಿಕೊಂಡು ಕೂತರು. ಈಗ ಅಲ್ಲಿ ಕಾಣುತ್ತಿದ್ದದ್ದು ಅಗಲವಾದ ಬೆನ್ನು ಮಾತ್ರ. ಬೆನ್ನಿನಲ್ಲಿ ಓದಿಕೊಳ್ಳುವಂಥದ್ದು ಏನೂ ಇರಲಿಲ್ಲ. ಜಯಕುಮಾರ್‌ಗೆ ನೋಡಲು ಉಳಿದದ್ದು ಮಕ್ಕಳೇ. ನೋಡಿದರು. ಮಕ್ಕಳೂ ಅವರನ್ನೇ ನೋಡುತ್ತಿದ್ದರು, ಬಹಳ ದಿನದಿಂದ ಹಾಗೆಯೇ ನೋಡುತ್ತಾ ಕೂತಿದ್ದವರ ಹಾಗೆ. ಪಾಠದ ಮೊದಲ ವಾಕ್ಯ ಮರೆತುಹೋಯಿತು. ಸೀಮೆಸುಣ್ಣ ಕೆಳಗಿಟ್ಟು, ಅವತ್ತು ಕೈ ಎತ್ತಿದ್ದ ಸುಹಾನಾಳ ಕಡೆ ತಿರುಗಿ, ಏನು ಕೇಳಬೇಕಿತ್ತಮ್ಮ ಎಂದರು.