ಐದನೆಯ ಪ್ರಶ್ನೆ

ಆ ಮನೆಯಲ್ಲಿ ಇತ್ಯರ್ಥವಾಗದೆ ಉಳಿದಿದ್ದ ಘನವಾದ ವಿಷಯವೆಂದರೆ, ಬರಲಿರುವ ನಾಯಿಮರಿಯ ನೀರಿನ ಬಟ್ಟಲು ಬಾಗಿಲಿನ ಎಡಕ್ಕಿರಬೇಕೋ ಬಲಕ್ಕಿರಬೇಕೋ ಎಂಬುದು. ಎರಡು ದಿನ ವಾದವಿವಾದ ನಡೆದು, ಭಾನುವಾರ ಬೆಳಿಗ್ಗೆ ಹೆಂಡತಿ ತೀರ್ಪು ಕೊಟ್ಟಳು.

"ಬಲಕ್ಕೇ ಇರ್ಲಿ. ಎಡಕ್ಕಿಟ್ರೆ ದಿನಾ ನೀವೇ ಎಡವಿ ಬೀಳೋದು. ಮರಿಗಿಂತ ಮೊದ್ಲು ನಿಮಗೆ ಟ್ರೈನಿಂಗ್ ಕೊಡಿಸ್ಬೇಕು."

"ಅಪ್ಪಣೆ," ಎಂದು ಗಂಡ ಬಟ್ಟಲು ಸರಿಸಿದ.

ಅಚ್ಚುಕೂಟದಲ್ಲಿ ಅವನ ಹೆಸರು ಕೆಂಪುಶಾಯಿ. ಮೂವತ್ತನಾಲ್ಕು ವರ್ಷದಿಂದ ಕರಡು ತಿದ್ದುತ್ತಿದ್ದ. ಹೋಟೆಲಿನ ತಿಂಡಿಪಟ್ಟಿಯಾಗಲಿ, ಔಷಧದ ಚೀಟಿಯಾಗಲಿ, ಅಕ್ಷರ ಕಂಡರೆ ಕೈ ತಾನಾಗಿ ಜೇಬಿನ ಕೆಂಪು ಪೆನ್ನಿಗೆ ಹೋಗುತ್ತಿತ್ತು. ಬಾಡಿಗೆ ಕರಾರನ್ನು ತಿದ್ದಿಕೊಟ್ಟು ಮನೆ ಮಾಲೀಕರ ಜತೆ ಮಾತು ಬಿಟ್ಟುಹೋದದ್ದೂ ಉಂಟು. ತಪ್ಪಿ ಹೊಡೆದುಹಾಕಿದ ಪದವನ್ನು ಉಳಿಸಿಕೊಳ್ಳಬೇಕಾದರೆ ಅದರ ಕೆಳಗೆ ಸಾಲಾಗಿ ಚುಕ್ಕಿ ಇಡುವುದು ಆ ಕಸುಬಿನ ಪದ್ಧತಿ. ಅವನು ಎಂದೂ ಚುಕ್ಕಿ ಇಟ್ಟವನಲ್ಲ. ಹೊಡೆದರೆ ಹೊಡೆದದ್ದೇ.

ಗೊತ್ತಿದ್ದೂ ಅವನು ತಿದ್ದದೆ ಬಿಟ್ಟ ತಪ್ಪು ಒಂದೇ. ಮೂರು ವಾರದ ಹಿಂದೆ ಆಸ್ಪತ್ರೆಯಲ್ಲಿ ಡಾಕ್ಟರು ಅವನೊಬ್ಬನನ್ನೇ ಪಕ್ಕಕ್ಕೆ ಕರೆದು, "ನಿಮ್ಮ ಮನೆಯವರು ಇನ್ನೊಂದು ವರ್ಷ ಕಳೆಯೋದು ಕಷ್ಟ," ಎಂದಿದ್ದರು. ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದವಳಿಗೆ ಅವನು, "ರಕ್ತ ಕಮ್ಮಿಯಂತೆ, ಮಾತ್ರೆ ತಗೊಂಡ್ರೆ ಸರಿಹೋಗತ್ತಂತೆ," ಎಂದ. ಅವಳು ನಂಬಿದಳು. ನಂಬಿದ ಉತ್ಸಾಹದಲ್ಲಿ, ಮದುವೆಯಾದಾಗಿನಿಂದ ಮುಂದಕ್ಕೆ ಹಾಕುತ್ತ ಬಂದಿದ್ದ ಆಸೆಯನ್ನು ಹೊರತೆಗೆದಳು: ಒಂದು ನಾಯಿ ಸಾಕಬೇಕು. ದಿನವಿಡೀ ಹಾಸಿಗೆ ಹಿಡಿದಿರುತ್ತಿದ್ದವಳು ಎದ್ದು ಓಡಾಡತೊಡಗಿದ್ದೇ ಆಮೇಲೆ. ಅವನು ಬೇಡವೆನ್ನುವ ಧೈರ್ಯ ಮಾಡಲಿಲ್ಲ.

ಮೊದಲು ಸಿಕ್ಕ ಮಾರಾಟಗಾರ ಬುಟ್ಟಿಯಿಂದ ಮರಿಯೊಂದನ್ನು ಕತ್ತು ಹಿಡಿದೆತ್ತಿ, "ಫ್ರೆಶ್ ಮಾಲು," ಎಂದಿದ್ದ. ಇದರ ತಾಯಿ ಎಲ್ಲಿ ಎಂದು ಅವಳು ಕೇಳಿದ್ದಕ್ಕೆ, "ತಾಯೀನ ಕಟ್ಕೊಂಡು ನಿಮಗೇನಾಗ್ಬೇಕಮ್ಮಾ?" ಎಂದ. ಅವಳು ಹಿಂತಿರುಗಿಯೂ ನೋಡದೆ ಹೊರಟುಬಂದಳು. ಹುಡುಕಿ ಹುಡುಕಿ ಕೊನೆಗೆ ಸಿಕ್ಕವರು ಊರಾಚೆ ನಾಯಿ ಸಾಕಿಕೊಂಡಿದ್ದ, ಎಲ್ಲರೂ ನಾಯಿಯಮ್ಮ ಎಂದೇ ಕರೆಯುವ ಹೆಂಗಸು. ಎರಡು ತಿಂಗಳು ತುಂಬದೆ ಮರಿಯನ್ನು ತಾಯಿಯಿಂದ ಬಿಡಿಸುವವರಲ್ಲ. ಪೊಲೀಸರಿಗಿಂತ ಹೆಚ್ಚು ವಿಚಾರಣೆ ಮಾಡುವವರು. ಆರು ಪ್ರಶ್ನೆಗಳ ಹಾಳೆಯೊಂದನ್ನು ಕೊಟ್ಟು, ತುಂಬಿ ತನ್ನಿ ಎಂದಿದ್ದರು.

ತುಂಬಿದವಳು ಹೆಂಡತಿ. ವೈರುಗಳಿಗೆ ಟೇಪು ಸುತ್ತಿದ್ದೀರಾ? ಸುತ್ತಿದ್ದೇವೆ. ಪಶುವೈದ್ಯರು ಎಷ್ಟು ದೂರ? ನಡೆದರೆ ಹತ್ತು ನಿಮಿಷ, ನಾಯಿ ಎಳೆದರೆ ಐದು. ಐದನೆಯ ಪ್ರಶ್ನೆ: ನಾಯಿ ಹದಿಮೂರು ವರ್ಷ ಬದುಕೀತು, ಅಷ್ಟು ದಿನವೂ ಜತೆಗಿದ್ದು ನೋಡಿಕೊಳ್ಳುವವರು ಯಾರು ಯಾರು? "ನಾನು, ನಮ್ಮ ಯಜಮಾನರು," ಎಂದು ಅವಳು ದುಂಡಗೆ ಬರೆದಿದ್ದಳು. ಅವನು ಹಾಳೆಯನ್ನು ಒಮ್ಮೆ ಓದಿ, ಮಡಿಸಿ, ಲಕೋಟೆಗೆ ಹಾಕಿದ್ದ.

ಆ ಲಕೋಟೆಯನ್ನು ಈಗ, ಅದೇ ಭಾನುವಾರ, ನಾಯಿಯಮ್ಮ ತಮ್ಮ ಜಗಲಿಯಲ್ಲಿ ಕೂತು ಒಡೆದರು. ಹೆಂಡತಿ ಆಗಲೇ ನೆಲದ ಮೇಲೆ ಕೂತಿದ್ದಳು. ಮರಿಯೊಂದು ಅವಳ ತೊಡೆ ಹತ್ತಿ ಕೈಗಡಿಯಾರದ ಪಟ್ಟಿ ಕಚ್ಚುತ್ತಿತ್ತು. ತಾಯಿ ನಾಯಿ ಪಕ್ಕದಲ್ಲೇ ಮಲಗಿ ಒಂದು ಕಣ್ಣು ತೆರೆದಿಟ್ಟಿತ್ತು.

"ನನ್ನ ಪ್ರಶ್ನೆಗಳ ಕಾಗುಣಿತಾನೂ ತಿದ್ದಿಬಿಟ್ಟಿದೀರಲ್ಲ ಸಾರ್!" ನಾಯಿಯಮ್ಮ ನಕ್ಕರು. "ಎಲ್ಲಾ ಸರಿಯಾಗಿದೆ. ಐದನೇದ್ರಲ್ಲಿ ಮಾತ್ರ... ಇದೇನು, 'ನಾನು' ಅನ್ನೋದನ್ನ ಹೊಡೆದುಹಾಕಿದೀರಿ?"

ಕೆಂಪುಶಾಯಿಗೆ ನೆನಪೇ ಇರಲಿಲ್ಲ. ಕಣ್ಣಿಗೆ ತಪ್ಪು ಬಿದ್ದಿತ್ತು, ಕೈ ತಿದ್ದಿತ್ತು. ಮನಸ್ಸನ್ನು ಯಾರೂ ಕೇಳಿರಲಿಲ್ಲ.

ಹೆಂಡತಿ ಕೈ ಚಾಚಿ ಹಾಳೆ ಇಸಿದುಕೊಂಡಳು. ಗೆರೆ ಅಚ್ಚುಕಟ್ಟಾಗಿತ್ತು, ಪದದ ಜತೆ ಅದರ ಅಲ್ಪವಿರಾಮವನ್ನೂ ಬಿಡದೆ ಹೊಡೆದಿತ್ತು.

"ರೀ."

"ಕಣ್ತಪ್ಪು ಕಣೇ."

"ನಿಮ್ದಾ? ಮೂವತ್ನಾಕು ವರ್ಷದಲ್ಲಿ ಒಂದ್ಸಲ ತಪ್ಪಿದ್ದು ಹೇಳಿ ನೋಡೋಣ."

ಅವನು ತನ್ನ ಚಪ್ಪಲಿ ನೋಡಿದ.

"ಡಾಕ್ಟರು ಎಷ್ಟು ದಿನ ಅಂದ್ರು?"

ಮರಿ ಗಡಿಯಾರದ ಪಟ್ಟಿ ಬಿಟ್ಟು ಅವಳ ಬೆರಳು ಹಿಡಿಯಿತು. ಅವಳು ಬಿಡಿಸಿಕೊಳ್ಳಲಿಲ್ಲ.

ನಾಯಿಯಮ್ಮ ಕನ್ನಡಕ ತೆಗೆದರು. "ಮುಂದೆ ಸಾರ್ ಒಬ್ರೇ ಇದ್ದು, ಬೆಳಗಿಂದ ಸಂಜೆವರೆಗೂ ಬಾಗಿಲು ಹಾಕಿರೋ ಮನೆಗೆ ನಾನು ಮರಿ ಕೊಡಲ್ಲಮ್ಮ. ತಪ್ಪು ತಿಳ್ಕೋಬೇಡಿ."

"ಕೊಡ್ಬಾರ್ದು," ಎಂದಳು ಹೆಂಡತಿ. "ನೀವು ಹಾಗೆ ಕೊಡೋರಲ್ಲ ಅಂತಾನೇ ಅಲ್ವಾ ನಿಮ್ಮನ್ನ ಹುಡುಕ್ಕೊಂಡು ಬಂದಿದ್ದು."

ಮರಿಯನ್ನೆತ್ತಿ ತಾಯಿಯ ಹೊಟ್ಟೆಯ ಬಳಿ ಬಿಟ್ಟು, ಗೋಡೆ ಹಿಡಿದು ಎದ್ದಳು. ಕೆಂಪುಶಾಯಿ ಅವಳ ಕೈಯಿಂದ ಹಾಳೆ ತೆಗೆದುಕೊಂಡು ಮೊಣಕಾಲಿನ ಮೇಲೆ ಹರವಿದ. ಜೇಬಿನಿಂದ ಪೆನ್ನು ತೆಗೆದು "ನಾನು" ಎಂಬುದರ ಕೆಳಗೆ ಒಂದೊಂದಾಗಿ ಚುಕ್ಕಿ ಇಡತೊಡಗಿದ. ಅಲ್ಪವಿರಾಮದ ಕೆಳಗೂ ಒಂದು ಇಟ್ಟ.

ಮರಿಯನ್ನು ನಾಯಿಯಮ್ಮ ಮುಂದಿನ ವಾರ ಬಸ್ ಡ್ರೈವರೊಬ್ಬರ ಮನೆಗೆ ಕೊಟ್ಟರು.